ಗ್ರೀನ್ಸ್ ಪೌಡರ್ ಕೊಳ್ಳುವ ಮುನ್ನ: ಒಂದು ಸ್ಕೂಪಿನಲ್ಲಿ ಸೊಪ್ಪೆಷ್ಟು, ಲಾಭವೆಷ್ಟು?

ಔಷಧಿ ಅಂಗಡಿ, ಜಿಮ್ಮಿನ ಕೌಂಟರ್, ಹತ್ತು ನಿಮಿಷಕ್ಕೆ ಸಾಮಾನು ತಂದುಕೊಡುವ ಆ್ಯಪ್, ಬೆಂಗಳೂರಿನಲ್ಲಿ ಈಗ ಎಲ್ಲಿ ನೋಡಿದರೂ ಹಸಿರು ಪುಡಿಯ ಡಬ್ಬಿ. ಅದರ ಬಗ್ಗೆ ಓದುಗರು ತಿರುಗಿಸಿ ಮುರುಗಿಸಿ ಕೇಳುವುದು ಮೂರೇ ಪ್ರಶ್ನೆ. ಇದನ್ನು ಕುಡಿದರೆ ಸೊಪ್ಪು ತಿಂದ ಹಾಗೆಯೇ? ಯಾವುದನ್ನು ಕೊಳ್ಳಬೇಕು? ದಿನಾ ಮಾತ್ರೆ ನುಂಗುವವರು ಕುಡಿಯಬಹುದೇ? ಮೊದಲನೆಯದಕ್ಕೆ ಉತ್ತರ: ಇಲ್ಲ. ಎರಡನೆಯದಕ್ಕೆ ಡಬ್ಬಿಯ ಹಿಂಬದಿ ಓದಲು ಗೊತ್ತಿರಬೇಕು. ಮೂರನೆಯದು ನೀವು ನುಂಗುವ ಮಾತ್ರೆ ಯಾವುದು ಅನ್ನುವುದರ ಮೇಲಿದೆ, ಅದರಲ್ಲಿ ಉಡಾಫೆ ಬೇಡ.

ಮೊದಲು ಒಳಗೇನಿದೆ ನೋಡೋಣ. ಸಾಮಾನ್ಯವಾಗಿ ಗೋಧಿ ಹುಲ್ಲು, ಬಾರ್ಲಿ ಹುಲ್ಲು, ನುಗ್ಗೆ ಸೊಪ್ಪು, ಪಾಲಕ್ ಇವುಗಳನ್ನು ಒಣಗಿಸಿ ಮಾಡಿದ ಪುಡಿ. ಜೊತೆಗೆ ಸ್ಪಿರುಲಿನಾ, ಕ್ಲೋರೆಲ್ಲಾ, ಅಂದರೆ ನೀರಿನಲ್ಲಿ ಬೆಳೆಸುವ ಸೂಕ್ಷ್ಮ ಪಾಚಿಗಳು. ಬಹಳಷ್ಟು ಡಬ್ಬಿಗಳಲ್ಲಿ ಪ್ರೋಬಯಾಟಿಕ್ (ಕರುಳಿಗೆ ಒಳ್ಳೆಯದೆಂದು ಸೇರಿಸುವ ಜೀವಂತ ಬ್ಯಾಕ್ಟೀರಿಯಾ), ಇನುಲಿನ್ (ಚಿಕೋರಿ ಬೇರಿನಿಂದ ತೆಗೆಯುವ ನಾರು), ಅಶ್ವಗಂಧದಂಥ ಗಿಡಮೂಲಿಕೆ, ಕೊನೆಗೆ ರುಚಿಗೆಂದು ಸಿಹಿಕಾರಕ. ಸೊಪ್ಪಿನ ಚಿತ್ರ ಮುಂದೆ ಎಷ್ಟು ದೊಡ್ಡದಿದೆ ಅನ್ನುವುದಕ್ಕೂ ಒಳಗಿನ ಸೊಪ್ಪಿನ ತೂಕಕ್ಕೂ ಸಂಬಂಧವಿಲ್ಲ.

ಹಂತ 1: ಇದು ನಿಮಗಲ್ಲ ಎಂದಾದರೆ ಇಲ್ಲೇ ನಿಲ್ಲಿಸಿ

ಬೇರೆ ಲೇಖನಗಳಲ್ಲಿ ಇದು ಕೊನೆಗೆ ಸಣ್ಣಕ್ಷರದಲ್ಲಿ ಬರುತ್ತದೆ. ಇಲ್ಲಿ ಮೊದಲಿಗೇ ಇರಲಿ.

ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿನೊಕೌಮರಾಲ್ ಮಾತ್ರೆ ತೆಗೆದುಕೊಳ್ಳುವವರು (ಹೃದಯದ ಕವಾಟ ಬದಲಿಸಿಕೊಂಡ ಬಹಳ ಜನ ಈ ಗುಂಪಿನವರು) ವೈದ್ಯರನ್ನು ಕೇಳದೆ ಈ ಪುಡಿ ಮುಟ್ಟಬೇಡಿ. ಹಸಿರೆಲೆಯಲ್ಲಿ ವಿಟಮಿನ್ ಕೆ ಧಾರಾಳ. ಒಣಗಿಸಿದರೂ ಅದು ಹೆಚ್ಚು ಹಾಳಾಗುವುದಿಲ್ಲ. ಆ ಮಾತ್ರೆ ಕೆಲಸ ಮಾಡುವುದೇ ವಿಟಮಿನ್ ಕೆಯನ್ನು ತಡೆದು. ಪುಡಿ ಶುರು ಮಾಡಿದ ಕೂಡಲೇ ಮಾತ್ರೆಯ ಬಲ ಕುಗ್ಗುತ್ತದೆ, ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಇಳಿಯುತ್ತದೆ. ದಿಢೀರನೆ ನಿಲ್ಲಿಸಿದರೆ ಉಲ್ಟಾ, ರಕ್ತಸ್ರಾವದ ಅಪಾಯ. ಈಗಾಗಲೇ ಕುಡಿಯುತ್ತಿದ್ದರೆ ಇದನ್ನು ಓದಿ ತಟ್ಟನೆ ಬಿಡುವುದೂ ತಪ್ಪು. ಮುಂದಿನ ಐಎನ್‌ಆರ್ ಪರೀಕ್ಷೆಯನ್ನು ಬೇಗ ಮಾಡಿಸಿ, ಡಾಕ್ಟರಿಗೆ ತಿಳಿಸಿ.

ಕಿಡ್ನಿಯಲ್ಲಿ ಕಲ್ಲಾದವರಿಗೆ ಆಕ್ಸಲೇಟ್‌ನ ಚಿಂತೆ. ಪಾಲಕ್‌ನಲ್ಲಿ ಇದು ತುಂಬಾ ಹೆಚ್ಚು. ಸೊಪ್ಪನ್ನು ಬೇಯಿಸಿ ನೀರು ಬಸಿದು ಚೆಲ್ಲಿದರೆ ಒಂದಷ್ಟು ಹೋಗುತ್ತದೆ. ಪುಡಿಯಲ್ಲಿ ಹಾಗೆ ಬಸಿದು ಹೋಗುವುದೇನೂ ಇಲ್ಲ, ಎಲ್ಲ ಅಲ್ಲೇ ಉಳಿದಿರುತ್ತದೆ. (ಅಂದ ಹಾಗೆ, ಬಸ್ಸಾರಿನಲ್ಲೂ ಬಸಿದ ನೀರೇ ಸಾರಾಗುತ್ತದೆ, ಕಲ್ಲಿನ ತೊಂದರೆ ಇರುವವರು ಪಾಲಕ್ ಬಸಿದ ನೀರನ್ನು ಚೆಲ್ಲಿಬಿಡುವುದೇ ಲೇಸು.) ಕಿಡ್ನಿ ವೈಫಲ್ಯ ಇರುವವರಿಗೆ ಇದರ ಮೇಲೆ ಪೊಟ್ಯಾಸಿಯಂ ಸಮಸ್ಯೆಯೂ ಸೇರುತ್ತದೆ.

ಲೂಪಸ್, ರುಮಟಾಯ್ಡ್ ಸಂಧಿವಾತದಂಥ, ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಕಾಯಿಲೆ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಸ್ಪಿರುಲಿನಾ, ಕ್ಲೋರೆಲ್ಲಾ, ಆಲ್ಫಾಲ್ಫಾ ಇರುವ ಪುಡಿಯಿಂದ ದೂರವಿರಬೇಕು. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟು ಕಾಯಿಲೆ ಇರುವವರಿಗೂ ಸ್ಪಿರುಲಿನಾ ಆಗದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಮತ್ತು ಮಕ್ಕಳಿಗೆ ಗಿಡಮೂಲಿಕೆ ಬೆರೆಸಿದ ಡಬ್ಬಿ ಬೇಡ. ಆಪರೇಷನ್ ದಿನ ಗೊತ್ತಾಗಿದ್ದರೆ ಎರಡು ವಾರ ಮೊದಲೇ ಶಸ್ತ್ರವೈದ್ಯರಿಗೆ ಡಬ್ಬಿ ತೋರಿಸಿ.

ಅಶ್ವಗಂಧ, ಅಮೃತಬಳ್ಳಿ, ಗ್ರೀನ್ ಟೀ ಸಾರ ಈ ಮೂರರಲ್ಲಿ ಯಾವುದಾದರೂ ಪಟ್ಟಿಯಲ್ಲಿದ್ದರೆ ಯಕೃತ್ತಿನ ತೊಂದರೆ ಇರುವವರು ಕೊಳ್ಳಲೇಬೇಡಿ. ಮೂರರಿಂದಲೂ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ನಿಯತಕಾಲಿಕೆಗಳಲ್ಲಿ ದಾಖಲಾಗಿವೆ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನೂ ಏರಿಸಬಲ್ಲದು.

ಹಂತ 2: ನಿಮ್ಮ ತಟ್ಟೆಯ ಲೆಕ್ಕ ಹಾಕಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯ ಪ್ರಕಾರ ದಿನಕ್ಕೆ ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ ಬೇಕು. ಇಷ್ಟು ತಿನ್ನುತ್ತಿದ್ದೀರಾ? ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ಒಂದು ವಾರ ತೂಗಿ. ಸೊಪ್ಪನ್ನು ಬಿಡಿಸಿ, ಬೇರು ದಂಟು ತೆಗೆದ ಮೇಲೆ ತೂಗಬೇಕು. ಕಟ್ಟು ದಪ್ಪಗೆ ಕಂಡರೂ ಎಲೆ ಅದರಲ್ಲಿ ಅರ್ಧದಷ್ಟೇ ಇರುವುದು ಮಾಮೂಲು.

ಬೆಳಗ್ಗೆ ದರ್ಶಿನಿಯಲ್ಲಿ ಇಡ್ಲಿ ವಡೆ, ಮಧ್ಯಾಹ್ನ ಆಫೀಸ್ ಕ್ಯಾಂಟೀನಿನ ರೈಸ್‌ಬಾತ್, ರಾತ್ರಿ ತರಿಸಿಕೊಂಡ ಊಟ. ಹೀಗೆ ದಿನ ಕಳೆಯುವವರಿಗೆ 150 ಗ್ರಾಂ ದಾಟುವುದೂ ಕಷ್ಟ. ಅಂಥವರಿಗೆ ಪುಡಿಯಿಂದ ಕೊಂಚ ಉಪಯೋಗ ಉಂಟು. ವಾರಕ್ಕೆ ನಾಲ್ಕು ದಿನ ಮಸ್ಸೊಪ್ಪು, ಉಪ್ಸಾರು, ಪಲ್ಯ ಮಾಡುವ ಮನೆಗೆ ಅದರಿಂದ ಹೊಸದಾಗಿ ಸಿಗುವುದು ಹೆಚ್ಚುಕಡಿಮೆ ಏನೂ ಇಲ್ಲ.

ಸುಸ್ತು, ಕೂದಲು ಉದುರುವುದು, ಕೈಕಾಲು ಜೋಮು ಹಿಡಿಯುವುದು ಎಂಬ ಕಾರಣಕ್ಕೆ ಪುಡಿ ಹುಡುಕುತ್ತಿದ್ದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ: ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ). ಕೊರತೆ ಇದ್ದರೆ ಅದಕ್ಕೆ ಔಷಧದ ಪ್ರಮಾಣದಲ್ಲೇ ಚಿಕಿತ್ಸೆ ಬೇಕು, ಸ್ಕೂಪಿನ ಪ್ರಮಾಣ ಸಾಲದು. ಸಸ್ಯಾಹಾರಿಗಳು ಮುಖ್ಯವಾಗಿ ಗಮನಿಸಬೇಕಾದದ್ದು: ಸ್ಪಿರುಲಿನಾದಲ್ಲಿ ಬಿ12 ಇದೆ ಎಂದು ಮಾರುತ್ತಾರೆ. ಅದರಲ್ಲಿ ಬಹುಪಾಲು ಹುಸಿ ಬಿ12, ನಮ್ಮ ದೇಹ ಬಳಸಲಾರದಂಥದ್ದು. ಅದನ್ನೇ ನಂಬಿ ಕೂತರೆ ನರಗಳಿಗೆ ಆಗುವ ಹಾನಿ ಸುಮ್ಮನೆ ಮುಂದುವರಿಯುತ್ತದೆ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಮಧುಮೇಹಿಗಳಲ್ಲಿ ಬಿ12 ಇಳಿಯುವುದು ಇನ್ನೂ ಸಾಮಾನ್ಯ.

ಹಂತ 3: ಹಸಿ ತೂಕ, ಒಣ ತೂಕ – ಮೋಸ ಆಗುವುದು ಇಲ್ಲೇ

"ಪಾಲಕ್‌ಗಿಂತ 25 ಪಟ್ಟು ಕಬ್ಬಿಣ", "ಹಾಲಿಗಿಂತ 17 ಪಟ್ಟು ಕ್ಯಾಲ್ಸಿಯಂ" ಎಂಬ ನುಗ್ಗೆ ಪುಡಿಯ ಜಾಹೀರಾತು ನೋಡಿರುತ್ತೀರಿ. ಹೋಲಿಸಿರುವುದು 100 ಗ್ರಾಂ ಒಣ ಪುಡಿಯನ್ನು 100 ಗ್ರಾಂ ಹಸಿ ಪಾಲಕ್ ಜೊತೆ ಅಥವಾ 100 ಗ್ರಾಂ ಹಾಲಿನ ಜೊತೆ. ಹಾಲು, ಪಾಲಕ್ ಎರಡರಲ್ಲೂ ಹೆಚ್ಚಿನ ಪಾಲು ನೀರು. ಮೇಲಾಗಿ 100 ಗ್ರಾಂ ಪುಡಿಯನ್ನು ಯಾರೂ ತಿನ್ನುವುದಿಲ್ಲ, ತಿನ್ನುವುದು 5 ಗ್ರಾಂ.

ಲೆಕ್ಕ ಹೀಗೆ ಮಾಡಿ. ಹಸಿ ನುಗ್ಗೆ ಸೊಪ್ಪಿನಲ್ಲಿ ಮುಕ್ಕಾಲು ಭಾಗ ನೀರು, ಆದ್ದರಿಂದ ಒಣಗಿದಾಗ ಸತ್ವ ಸುಮಾರು 4 ಪಟ್ಟು ಗಟ್ಟಿಯಾಗುತ್ತದೆ. 100 ಗ್ರಾಂ ಹಸಿ ಎಲೆಯಲ್ಲಿ ಕ್ಯಾಲ್ಸಿಯಂ ಸುಮಾರು 314 ಮಿಲಿಗ್ರಾಂ. ಪುಡಿಯಲ್ಲಿ ಅದು 100 ಗ್ರಾಂಗೆ ಸುಮಾರು 1,300 ಮಿಲಿಗ್ರಾಂ. ನೀವು ಹಾಕಿಕೊಳ್ಳುವ 5 ಗ್ರಾಂಗೆ ಬರುವುದು 65 ಮಿಲಿಗ್ರಾಂ. 100 ಗ್ರಾಂ ರಾಗಿ ಹಿಟ್ಟಿನ ಒಂದು ಮುದ್ದೆಯಲ್ಲಿ 364 ಮಿಲಿಗ್ರಾಂ ಇದೆ. ಕಬ್ಬಿಣವೂ ಅಷ್ಟೇ. 5 ಗ್ರಾಂ ನುಗ್ಗೆ ಪುಡಿಗೆ ಸುಮಾರು 1 ಮಿಲಿಗ್ರಾಂ. ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದದ್ದು 29. ನುಗ್ಗೆ ಕೆಟ್ಟದ್ದೆಂದಲ್ಲ, ನಮ್ಮ ಸೊಪ್ಪುಗಳಲ್ಲೇ ಅದು ಬಲು ಸತ್ವದ್ದು. ಆದರೆ ಒಂದು ಚಮಚ ಒಂದು ಚಮಚವೇ.

ಸ್ಪಿರುಲಿನಾದ ಪ್ರೋಟೀನಿಗೂ ಇದೇ ಮಾತು. ತೂಕದ 60 ಶೇಕಡಾಕ್ಕೂ ಹೆಚ್ಚು ಪ್ರೋಟೀನ್ ಅನ್ನುವುದು ನಿಜ. 3 ಗ್ರಾಂ ಸ್ಪಿರುಲಿನಾದಲ್ಲಿ ಸಿಗುವುದು 2 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ಕೊಲೆಸ್ಟ್ರಾಲ್, ಬಿಪಿ ಸ್ವಲ್ಪ ಇಳಿದದ್ದನ್ನು ಸ್ಪಿರುಲಿನಾದ ಕೆಲವು ಸಣ್ಣ ಪ್ರಯೋಗಗಳು ತೋರಿಸಿವೆ. ಅವುಗಳಲ್ಲಿ ಕೊಟ್ಟದ್ದು ದಿನಕ್ಕೆ ಗ್ರಾಂಗಟ್ಟಲೆ ಬರೀ ಸ್ಪಿರುಲಿನಾ. ಮಿಶ್ರಣದ ಡಬ್ಬಿಯಲ್ಲಿ ಕಾಲು ಗ್ರಾಂ ಇದ್ದರೆ ಆ ಫಲ ನಿರೀಕ್ಷಿಸಬಾರದು.

ನಾರಿನಂಶ: ದಿನಕ್ಕೆ ಬೇಕಾದದ್ದು ಸುಮಾರು 30 ಗ್ರಾಂ, ಸ್ಕೂಪಿನಲ್ಲಿ ಸಾಮಾನ್ಯವಾಗಿ 1ರಿಂದ 3. ವಿಟಮಿನ್ ಸಿ ಒಣಗಿಸುವಾಗಲೇ ಬಹುಪಾಲು ಹೋಗಿರುತ್ತದೆ. ಲೇಬಲ್ಲಿನಲ್ಲಿ ಜಾಸ್ತಿ ಕಂಡರೆ ಆಮೇಲೆ ಬೆರೆಸಿದ್ದೆಂದು ತಿಳಿಯಿರಿ.

ಇನ್ನು ಲೆಕ್ಕಕ್ಕೇ ಬಾರದ ಮಾತುಗಳು. ಗೋಧಿ ಹುಲ್ಲು "ಹಸಿರು ರಕ್ತ" ಅಲ್ಲ. ಪತ್ರಹರಿತ್ತಿನ ನಡುವೆ ಇರುವುದು ಮೆಗ್ನೀಸಿಯಂ, ಹಿಮೋಗ್ಲೋಬಿನ್ ನಡುವೆ ಕಬ್ಬಿಣ. ಒಂದನ್ನು ಇನ್ನೊಂದಾಗಿ ಮಾಡಿಕೊಳ್ಳುವ ದಾರಿ ದೇಹಕ್ಕಿಲ್ಲ. ರಕ್ತವನ್ನು "ಆಲ್ಕಲೈನ್" ಮಾಡುವುದೂ ಆಗದ ಮಾತು. ಶ್ವಾಸಕೋಶ, ಕಿಡ್ನಿ ಸೇರಿ ರಕ್ತದ ಪಿಎಚ್ಚನ್ನು 7.35ರಿಂದ 7.45ರೊಳಗೆ ಬಿಗಿಯಾಗಿ ಹಿಡಿದಿರುತ್ತವೆ, ನೀವೇನು ಕುಡಿದರೂ. "ಡಿಟಾಕ್ಸ್" ಎಂದು ಬರೆದ ಡಬ್ಬಿಗೆ ಯಾವ ವಿಷ ಎಂದು ಕೇಳಿ ನೋಡಿ.

ಹಂತ 4: ಡಬ್ಬಿಯ ಹಿಂಬದಿ ಓದಿ

ಅಂಗಡಿಯಲ್ಲಿ ನಿಂತು ಐದು ನಿಮಿಷ ಕೊಡಿ.

ಮೊದಲು 14 ಅಂಕಿಯ ಎಫ್‌ಎಸ್‌ಎಸ್‌ಎಐ (ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಸಂಖ್ಯೆ ಹುಡುಕಿ, ಅದರದೇ ಫಾಸ್ಕಾಸ್ ಜಾಲತಾಣದಲ್ಲಿ ಹಾಕಿ ನೋಡಿ. ಕಂಪನಿಯ ಹೆಸರು, ವಿಳಾಸ, ಪರವಾನಗಿ ಚಾಲ್ತಿಯಲ್ಲಿದೆಯೇ ಅನ್ನುವುದು ಸಿಗುತ್ತದೆ. "ಹೆಲ್ತ್ ಸಪ್ಲಿಮೆಂಟ್" ಅಥವಾ "ನ್ಯೂಟ್ರಾಸ್ಯುಟಿಕಲ್", ಜೊತೆಗೆ "ನಾಟ್ ಫಾರ್ ಮೆಡಿಸಿನಲ್ ಯೂಸ್", ಅಂದರೆ ಔಷಧವಾಗಿ ಬಳಸುವಂತಿಲ್ಲ, ಎಂದು ಮುದ್ರಿಸಿರಬೇಕು. ಅದೇ ಡಬ್ಬಿ ಇನ್ನೊಂದು ಬದಿಯಲ್ಲಿ ಸಕ್ಕರೆ ಕಾಯಿಲೆ ವಾಸಿಮಾಡುತ್ತೇನೆ ಎಂದರೆ ಅಲ್ಲೇ ಇಟ್ಟುಬನ್ನಿ. ಆಯುರ್ವೇದ ಔಷಧವೆಂದು ಮಾರುವುದಾದರೆ ಆಯುಷ್ ಪರವಾನಗಿ ಸಂಖ್ಯೆ ಇರಬೇಕು. ಪರವಾನಗಿ ಇದೆ ಅಂದರೆ ಆ ಬ್ಯಾಚನ್ನು ಯಾರೋ ಪರೀಕ್ಷಿಸಿ ಬಿಟ್ಟಿದ್ದಾರೆ ಎಂದರ್ಥವಲ್ಲ, ಅದೂ ನೆನಪಿರಲಿ.

ಆಮೇಲೆ ಪದಾರ್ಥಗಳ ಪಟ್ಟಿ. ತೂಕ ಹೆಚ್ಚಿರುವುದು ಮೊದಲು, ಕಡಿಮೆಯದು ಕೊನೆಗೆ, ಇದು ನಿಯಮ. ಮೊದಲ ಮೂರರಲ್ಲಿ ಮಾಲ್ಟೊಡೆಕ್ಸ್‌ಟ್ರಿನ್ ಕಂಡರೆ ನೀವು ಪಿಷ್ಟಕ್ಕೆ ದುಡ್ಡು ಕೊಡುತ್ತಿದ್ದೀರಿ. ಅದು ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ, "ಸಕ್ಕರೆ ಇಲ್ಲ" ಎಂಬ ಮಾತಿಗೆ ಮರುಳಾಗಬೇಡಿ. ಐಎನ್‌ಎಸ್ (ಆಹಾರಕ್ಕೆ ಬೆರೆಸುವ ಪದಾರ್ಥಗಳ ಸಂಕೇತ ಸಂಖ್ಯೆ) 955 ಅಂದರೆ ಸುಕ್ರಲೋಸ್ ಎಂಬ ಕೃತಕ ಸಿಹಿ, 960 ಅಂದರೆ ಸ್ಟೀವಿಯಾ ಸಿಹಿ. ಐಎನ್‌ಎಸ್ 141 ಇದ್ದರೆ ಹಸಿರು ಬಣ್ಣ ಸೇರಿಸಿದ್ದಾರೆ. ನಿಜವಾದ ಸೊಪ್ಪಿನ ಪುಡಿಗೆ ಬಣ್ಣ ಯಾಕೆ ಬೇಕಾಯಿತು ಎಂಬುದು ಯೋಚಿಸಬೇಕಾದ ಸಂಗತಿ.

ಕೊನೆಯ ಉಪಾಯ "ಬ್ಲೆಂಡ್". ಉದಾಹರಣೆಗೆ ಒಂದು ಸ್ಕೂಪ್ 8 ಗ್ರಾಂ, ಅದರಲ್ಲಿ "18 ಬಗೆಯ ಗ್ರೀನ್ಸ್ ಬ್ಲೆಂಡ್ 4 ಗ್ರಾಂ" ಎಂದಿದೆ ಅಂದುಕೊಳ್ಳಿ. ಯಾವುದು ಎಷ್ಟು ಎಂದು ಹೇಳಿಲ್ಲ. ಮೊದಲನೆಯದಾದ ಗೋಧಿ ಹುಲ್ಲೇ 1.5 ಗ್ರಾಂ ಇದ್ದರೆ ಮಿಕ್ಕ 17ಕ್ಕೆ ಉಳಿಯುವುದು 2.5 ಗ್ರಾಂ, ತಲಾ 150 ಮಿಲಿಗ್ರಾಂ. ಅದು ಒಂದು ಚಿಟಿಕೆ. ನಾಲ್ಕು ಗ್ರಾಂ ಪೂರಾ ಒಣ ಎಲೆಯೇ ಆದರೂ ಹಸಿ ಲೆಕ್ಕದಲ್ಲಿ ಹೆಚ್ಚೆಂದರೆ 40 ಗ್ರಾಂ ಸೊಪ್ಪು. 30 ಸ್ಕೂಪಿನ ಡಬ್ಬಿಗೆ 1,200 ರೂಪಾಯಿ ಆದರೆ ದಿನಕ್ಕೆ 40 ರೂಪಾಯಿ. ಅದೇ ದುಡ್ಡಿಗೆ ಹಾಪ್‌ಕಾಮ್ಸ್ ಮಳಿಗೆಯಲ್ಲೋ ಗಾಂಧಿ ಬಜಾರಿನಲ್ಲೋ ಎಷ್ಟು ದಂಟು, ಎಷ್ಟು ಮೆಂತ್ಯ ಬರುತ್ತದೆ ಎಂದು ಆ ದಿನದ ಬೆಲೆ ನೋಡಿ ನೀವೇ ಲೆಕ್ಕ ಹಾಕಿ. ಬಗೆಗಳು ಕಡಿಮೆಯಿದ್ದು ಪ್ರತಿಯೊಂದರ ತೂಕ ಬರೆದಿರುವ ಪುಡಿ ಇದ್ದರೆ ಅದನ್ನೇ ಆರಿಸಿ. ನನ್ನ ಮಟ್ಟಿಗೆ ಒಂದೇ ಎಲೆಯ ಪುಡಿ ಎಲ್ಲಕ್ಕಿಂತ ಪ್ರಾಮಾಣಿಕ.

ಸೀಸ, ಕ್ಯಾಡ್ಮಿಯಂನಂಥ ಭಾರ ಲೋಹಗಳ ಪ್ರಶ್ನೆಯೂ ಇದೆ. ಒಣಗಿಸಿದಾಗ ಸತ್ವದ ಜೊತೆ ಇವೂ ಗಟ್ಟಿಯಾಗುತ್ತವೆ. ಕಂಪನಿಗೆ ಮೇಲ್ ಹಾಕಿ, ನಿಮ್ಮ ಬ್ಯಾಚ್ ಸಂಖ್ಯೆಗೆ ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದ ವರದಿ ಕೇಳಿ. ಸ್ಪಿರುಲಿನಾ ಇದ್ದರೆ ಮೈಕ್ರೊಸಿಸ್ಟಿನ್ (ಕೆಲವು ಪಾಚಿಗಳು ಉತ್ಪಾದಿಸುವ, ಯಕೃತ್ತಿಗೆ ವಿಷವಾದ ವಸ್ತು) ಪರೀಕ್ಷೆಯನ್ನೂ ಕೇಳಿ. "ನಮ್ಮದು ಶುದ್ಧ" ಎಂಬ ಉತ್ತರ ವರದಿಯಲ್ಲ. ಹಾಗೆಂದು ಹಸಿ ಸೊಪ್ಪೆಲ್ಲ ನಿರ್ಮಲ ಎಂದೂ ತಿಳಿಯಬೇಡಿ. ವೃಷಭಾವತಿಯಂಥ ಕೊಳಚೆ ನೀರು ಹರಿಯುವ ಕಡೆ ಬೆಳೆದ ತರಕಾರಿಯಲ್ಲಿ ಭಾರ ಲೋಹ ಸಿಕ್ಕಿರುವುದುಂಟು. ಸೊಪ್ಪು ಎಲ್ಲಿಯದೆಂದು ಮಾರುವವರನ್ನು ಕೇಳುವುದು, ಕೊಳ್ಳುವ ಜಾಗ ಆಗಾಗ ಬದಲಿಸುವುದು ಒಳ್ಳೆಯದು.

ಹಂತ 5: ಶುರು ಮಾಡುವ ಕ್ರಮ

ಮೊದಲ ಮೂರು ದಿನ ಕಾಲು ಸ್ಕೂಪ್, ಮುಂದಿನ ನಾಲ್ಕು ದಿನ ಅರ್ಧ, ಹೊಟ್ಟೆ ಒಗ್ಗಿದರೆ ಎರಡನೇ ವಾರದಿಂದ ಪೂರ್ತಿ. ಮೊದಲ ದಿನವೇ ಪೂರ್ತಿ ಹಾಕಿಕೊಂಡವರಿಗೆ ಹೊಟ್ಟೆ ಉಬ್ಬರ, ಗ್ಯಾಸ್, ಭೇದಿ ಬರುವುದಕ್ಕೆ ಹೆಚ್ಚಾಗಿ ಇನುಲಿನ್ ಕಾರಣ. ಐಬಿಎಸ್ (ಕರುಳು ಪದೇ ಪದೇ ಕೆರಳುವ ತೊಂದರೆ) ಇರುವ ಬಹಳ ಜನರಿಗಂತೂ ಅದು ಆಗಿಬರುವುದಿಲ್ಲ.

ಲೋಟಕ್ಕೆ ಮೊದಲು 200–250 ಮಿಲಿ ತಣ್ಣನೆಯ ನೀರು, ಆಮೇಲೆ ಪುಡಿ. ಪುಡಿಯ ಮೇಲೆ ನೀರು ಸುರಿದರೆ ತಳದಲ್ಲಿ ಗಂಟು ಕಟ್ಟುತ್ತದೆ, ಎಷ್ಟು ಅಲುಗಾಡಿಸಿದರೂ ಒಡೆಯುವುದಿಲ್ಲ. ಮಜ್ಜಿಗೆಯಲ್ಲಿ ಹುಲ್ಲಿನ ವಾಸನೆ ಚೆನ್ನಾಗಿ ಮುಚ್ಚುತ್ತದೆ. ಕಬ್ಬಿಣ ಹೀರಿಕೊಳ್ಳಲಿ ಎಂದಿದ್ದರೆ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ. ಪ್ರೋಬಯಾಟಿಕ್ ಇರುವ ಪುಡಿಯನ್ನು ಬಿಸಿ ನೀರಿಗೆ, ದೋಸೆ ಹಿಟ್ಟಿಗೆ ಹಾಕಬೇಡಿ, ಬ್ಯಾಕ್ಟೀರಿಯಾ ಸಾಯುತ್ತದೆ. ಕಲಸಿದ್ದನ್ನು ಕೂಡಲೇ ಕುಡಿಯಿರಿ. ಬೆಳಗ್ಗೆ ಕಲಸಿ ಬಾಟಲಿಯಲ್ಲಿಟ್ಟು ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮಧ್ಯಾಹ್ನ ಕುಡಿಯುವ ಅಭ್ಯಾಸ ಕೆಟ್ಟದ್ದು. ಒದ್ದೆಯಾದ ಪುಡಿಯಲ್ಲಿ ಸೂಕ್ಷ್ಮಜೀವಿಗಳು ಬೇಗ ಬೆಳೆಯುತ್ತವೆ.

ಹೊತ್ತು ಯಾವುದು? ಥೈರಾಯ್ಡ್ ಮಾತ್ರೆ ನುಂಗುವವರು ಬೆಳಗಿನ ಖಾಲಿ ಹೊಟ್ಟೆಯನ್ನು ಆ ಮಾತ್ರೆಗೇ ಬಿಡಿ. ಪುಡಿಯಲ್ಲಿ ಕ್ಯಾಲ್ಸಿಯಂ, ಕಬ್ಬಿಣ ಸೇರಿಸಿದ್ದರೆ ಎರಡರ ನಡುವೆ ನಾಲ್ಕು ಗಂಟೆ ಅಂತರ ಬೇಕು. ಫಿಲ್ಟರ್ ಕಾಫಿ, ಟೀ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ, ಅವುಗಳಿಂದಲೂ ಒಂದು ಗಂಟೆ ದೂರ. ಹೆಚ್ಚಿನವರಿಗೆ ಮಧ್ಯಾಹ್ನ ಊಟದ ಜೊತೆ ಸರಿಹೋಗುತ್ತದೆ.

ಮಲ ಹಸಿರಾಗಿ ಹೋದರೆ ಗಾಬರಿ ಬೇಡ. ಕಣ್ಣು ಹಳದಿ, ಮೂತ್ರ ಗಾಢ ಬಣ್ಣ, ವಾಕರಿಕೆ, ಮೈ ತುರಿಕೆ ಕಂಡರೆ ಅವತ್ತೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ, ಡಬ್ಬಿ ಕೈಯಲ್ಲಿರಲಿ. ಕೂದಲಿಗೆಂದು ಅಗಸೆ ಸೊಪ್ಪಿನ ಸಾರದಿಂದ ಬಯೋಟಿನ್ (ಒಂದು ಬಗೆಯ ಬಿ ವಿಟಮಿನ್) ಸೇರಿಸಿದ ಪುಡಿಯಾಗಿದ್ದರೆ, ರಕ್ತ ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ನಿಲ್ಲಿಸಿ ಪ್ರಯೋಗಾಲಯದವರಿಗೂ ಹೇಳಿ. ಹೆಚ್ಚಿನ ಬಯೋಟಿನ್ ಥೈರಾಯ್ಡ್ ವರದಿಯನ್ನು ಏರುಪೇರು ಮಾಡುತ್ತದೆ.

ಹಂತ 6: ಇಡುವ ಜಾಗ

ಒಲೆಯ ಪಕ್ಕದ ಕಪಾಟು ಬೇಡ, ಕಿಟಕಿ ಬೇಡ. ಫ್ರಿಜ್ ಕೂಡ ಬೇಡ, ಕಂಪನಿಯವರೇ ಹಾಗೆ ಬರೆದಿದ್ದರೆ ಹೊರತು: ದಿನಾ ಹೊರತೆಗೆದು ಮುಚ್ಚಳ ಬಿಚ್ಚಿದಾಗ ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಗಾಳಿಯೇ ಸಾಕು ಪುಡಿ ಗಟ್ಟಿಯಾಗಲು. ಒಣ ಚಮಚ ಬಳಸಿ, ತೇವ ಹೀರುವ ಪೊಟ್ಟಣ ತೆಗೆಯಬೇಡಿ. ಎಲೆ ಹಸಿರು ಕಂದು ಬಣ್ಣಕ್ಕೆ ತಿರುಗಿದರೆ ಹಳತಾಗಿದೆ. ಮುಗ್ಗಲು ವಾಸನೆ ಬಂದರೆ ಬಿಸಾಡಿ.

ಹಂತ 7: ಮನೆಯಲ್ಲೇ ನುಗ್ಗೆ ಪುಡಿ

ಡಬ್ಬಿ ಬೇಡವೆನಿಸಿದವರಿಗೆ ಇದು ಸುಲಭದ ದಾರಿ. ಬೇಸಗೆಯಲ್ಲಿ ಮಾಡಿ, ಮಳೆಗಾಲದಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ.

ರೋಗ, ಹುಳ ಇಲ್ಲದ ಎಲೆ ಬಿಡಿಸಿ, ಹಳದಿಯಾದದ್ದನ್ನು ತೆಗೆಯಿರಿ. ಲೀಟರಿಗೆ 10 ಗ್ರಾಂ ಉಪ್ಪು ಹಾಕಿದ ನೀರಿನಲ್ಲಿ 3ರಿಂದ 5 ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ಎರಡು ಸಲ ತೊಳೆಯಿರಿ. ಮುಖ್ಯರಸ್ತೆ ಬದಿಯ ಮರದ್ದಾದರೆ ಮೂರನೇ ಸಲವೂ ತೊಳೆಯಬೇಕು. ಬಟ್ಟೆಯಲ್ಲಿ ಕಟ್ಟಿ ನೀರು ಜಾಡಿಸಿ, ನೆರಳಿನಲ್ಲಿ ತೆಳ್ಳನೆ ಬಟ್ಟೆಯ ಮೇಲೆ ಎಲೆಯ ಮೇಲೆ ಎಲೆ ಬೀಳದಂತೆ ಹರವಿ, ಫ್ಯಾನ್ ಹಾಕಿ. ಬಿಸಿಲಿಗಿಟ್ಟರೆ ಬೇಗ ಒಣಗುತ್ತದೆ, ಆದರೆ ವಿಟಮಿನ್ ಎ ಆಗುವ ಕೆರೋಟಿನ್ ಸುಟ್ಟುಹೋಗುತ್ತದೆ. ದಿನಕ್ಕೆರಡು ಸಲ ಮಗುಚಿ. ಮೂರು ನಾಲ್ಕು ದಿನಕ್ಕೆ ಎಲೆ ಮುಷ್ಟಿಯಲ್ಲಿ ಹಿಡಿದರೆ ಚರಚರ ಎಂದು ಪುಡಿಯಾಗಬೇಕು. ಎಲೆ ಒಣಗಿ ತೊಟ್ಟು ಇನ್ನೂ ಬಾಗುತ್ತಿದ್ದರೆ ಇನ್ನೊಂದು ದಿನ ಬಿಡಿ, ಡಬ್ಬಿಯೊಳಗೆ ಬೂಷ್ಟು ಶುರುವಾಗುವುದು ಆ ತೊಟ್ಟಿನಿಂದಲೇ. ಡಿಹೈಡ್ರೇಟರ್ ಇದ್ದರೆ 50–55 ಡಿಗ್ರಿ ಸೆಲ್ಸಿಯಸ್ ಸಾಕು.

ಮಿಕ್ಸಿಯನ್ನು ಬಿಟ್ಟು ಬಿಟ್ಟು ಓಡಿಸಿ, ಜಾರು ಬಿಸಿಯಾಗಬಾರದು. ಜರಡಿ ಹಿಡಿದು, ಪೂರ್ತಿ ಆರಿದ ಮೇಲೆ ಒಣ ಗಾಜಿನ ಬಾಟಲಿಗೆ ತುಂಬಿ ಕತ್ತಲಲ್ಲಿಡಿ. ಒಂದು ಕಿಲೋ ಬಿಡಿಸಿದ ಎಲೆಗೆ 200–250 ಗ್ರಾಂ ಪುಡಿ ಬರುತ್ತದೆ, ಮೂರು ತಿಂಗಳೊಳಗೆ ಮುಗಿಸಿ. ತಲೆಗೆ ಒಂದು ಟೀ ಚಮಚದಂತೆ ಚಪಾತಿ ಹಿಟ್ಟಿಗೆ, ಅಕ್ಕಿರೊಟ್ಟಿಗೆ, ಇಳಿಸಿದ ಸಾರಿಗೆ, ಚಟ್ನಿಪುಡಿಗೆ ಹಾಕಬಹುದು. ಹಂತ 1ರ ಎಚ್ಚರಿಕೆ ಮನೆಯ ಪುಡಿಗೂ ಅನ್ವಯ.

ಹಂತ 8: ಎರಡು ತಿಂಗಳ ಮೇಲೆ ತೀರ್ಮಾನಿಸಿ

ಹಂತ 2ರಲ್ಲಿ ಮಾಡಿದ ತೂಕದ ಲೆಕ್ಕವನ್ನು ಇನ್ನೊಂದು ವಾರ ಮಾಡಿ. ಪುಡಿ ಕುಡಿಯುತ್ತೇನಲ್ಲ ಎಂಬ ಧೈರ್ಯದಲ್ಲಿ ಸೊಪ್ಪು ತರಕಾರಿ ಕಡಿಮೆಯಾಗಿದ್ದರೆ ಡಬ್ಬಿ ನಿಮಗೆ ನಷ್ಟವನ್ನೇ ಮಾಡಿದೆ, ಎರಡನೆಯದು ಕೊಳ್ಳಬೇಡಿ. ಸೊಪ್ಪು ಬಿಡಿಸಲು ಹೊತ್ತಿಲ್ಲ ಎಂಬುದೇ ಅಡ್ಡಿಯಾದರೆ ಭಾನುವಾರ ಎರಡು ಮೂರು ಕಟ್ಟು ಬಿಡಿಸಿ, ತೊಳೆಯದೆ, ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಡಿ. ದಂಟು, ಮೆಂತ್ಯ, ಸಬ್ಬಸಿಗೆ ಮೂರು ನಾಲ್ಕು ದಿನ ಇರುತ್ತವೆ. ಊರಿಗೆ ಹೋದಾಗ, ರಾತ್ರಿ ಪಾಳಿಯ ವಾರದಲ್ಲಿ, ಪ್ರವಾಸದಲ್ಲಿ ಪುಡಿ ಬಳಸಿ.

ಡಬ್ಬಿಯಲ್ಲಿ ಹುಳ, ಬೂಷ್ಟು, ಸುಳ್ಳು ಲೇಬಲ್ ಕಂಡರೆ ಬಿಸಾಡುವ ಮೊದಲು ಬ್ಯಾಚ್ ಸಂಖ್ಯೆ, ತಯಾರಿಕೆ ದಿನಾಂಕ, ಪರವಾನಗಿ ಸಂಖ್ಯೆ, ಬಿಲ್ಲು ನಾಲ್ಕರ ಫೋಟೊ ತೆಗೆದಿಡಿ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಹಾಕಬಹುದು. ಹಣ ವಾಪಸ್ ವಿಚಾರಕ್ಕೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಿಕ್ಕ ಪುಡಿಯನ್ನು ಅದೇ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟಿರಿ, ಮಾದರಿ ಕೇಳಿದರೆ ಕೊಡಬೇಕಾಗುತ್ತದೆ.